ಯಕೃತ್ತಿನ ದೀರ್ಘ ಸೋಂಕು ಮತ್ತು ಮನಸ್ಸಿನ ಖಿನ್ನತೆ

ದೇಹ ಬೇರೆ, ಮನಸ್ಸು ಬೇರೆ ಎಂದು ನಾವು ಮಾತಿನಲ್ಲಿ ವಿಂಗಡಿಸುತ್ತೇವೆ. ಆದರೆ ರೋಗವು ಆ ವಿಂಗಡಣೆಯನ್ನು ಮನ್ನಿಸುವುದಿಲ್ಲ. ಹಲ್ಲುನೋವು ಬಂದ ದಿನ ಪೂಜೆಯಲ್ಲಿ ಮನಸ್ಸು ನಿಲ್ಲದು. ಮನೆಗೆ ದುಃಖದ ವಾರ್ತೆ ಬಂದ ದಿನ ಉಂಡ ಅನ್ನ ರುಚಿಸದು. ಒಂದು ದಿನದ ನೋವೇ ಹೀಗೆ ಮಾಡುವುದಾದರೆ, ಹತ್ತಾರು ವರ್ಷ ದೇಹದಲ್ಲಿ ನೆಲೆನಿಲ್ಲುವ ಸೋಂಕು ಮನಸ್ಸನ್ನು ಮುಟ್ಟದೆ ಬಿಡುವುದುಂಟೆ? ಈ ಸಂಚಿಕೆಯಲ್ಲಿ ಯಕೃತ್ತಿಗೆ ತಗಲುವ ದೀರ್ಘಕಾಲದ ಸೋಂಕುಗಳನ್ನೂ ಅವುಗಳ ಬೆನ್ನಿಗೆ ಬರುವ ಖಿನ್ನತೆಯನ್ನೂ ಕುರಿತು ವಿಚಾರ ಮಾಡೋಣ.

ಈ ವಿಷಯವನ್ನು ಆಯ್ದುಕೊಳ್ಳಲು ಕಾರಣವಿದೆ. ಯಕೃತ್ತಿನ ಸೋಂಕುಳ್ಳವರು ರಕ್ತಪರೀಕ್ಷೆ, ಸ್ಕ್ಯಾನಿಂಗು, ಮಾತ್ರೆಗಳ ಬಗೆಗೆ ವೈದ್ಯರನ್ನು ಕೇಳುತ್ತಾರೆ. ಮನಸ್ಸಿನ ಬಗೆಗೆ ಕೇಳುವುದಿಲ್ಲ. ಜನಸಂದಣಿಯ ನಡುವೆ ವೈದ್ಯರಿಗೂ ಅದನ್ನು ವಿಚಾರಿಸುವ ಬಿಡುವು ಇರುವುದಿಲ್ಲ. ಮನೆಯವರು ‘ಧೈರ್ಯ ತಂದುಕೋ’ ಎಂದು ಹೇಳಿ ಸುಮ್ಮನಾಗುತ್ತಾರೆ. ಹೀಗಾಗಿ ಚಿಕಿತ್ಸೆಯಿಂದ ಗುಣವಾಗಬಲ್ಲ ಖಿನ್ನತೆಯು ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ. ನಾವು ಇಲ್ಲಿ ಹೇಳಬಯಸುವ ಮುಖ್ಯ ಮಾತು ಇಷ್ಟೇ: ಈ ಖಿನ್ನತೆಯು ಭಕ್ತಿಯ ಕೊರತೆಯಲ್ಲ, ಸ್ವಭಾವದ ದೌರ್ಬಲ್ಯವೂ ಅಲ್ಲ, ಅದು ಕಾಯಿಲೆಯ ಒಂದು ಭಾಗ. ಕಾಯಿಲೆಯ ಉಳಿದ ಭಾಗಗಳಿಗೆ ಹೇಗೋ ಹಾಗೆ ಇದಕ್ಕೂ ಚಿಕಿತ್ಸೆಯುಂಟು.

ಸೋಂಕಿನ ಪರಿಚಯ

ಯಕೃತ್ತು ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವ ದೊಡ್ಡ ಅಂಗ. ಉಂಡ ಆಹಾರದ ಸಾರವನ್ನು ಸಂಸ್ಕರಿಸುವುದು, ಪಿತ್ತರಸವನ್ನು ತಯಾರಿಸುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಒದಗಿಸುವುದು, ದೇಹದಲ್ಲಿ ಹುಟ್ಟುವ ವಿಷಾಂಶಗಳನ್ನು ನಿವಾರಿಸುವುದು, ಇವೆಲ್ಲ ಅದರ ಕಾಯಕ. ಈ ಅಂಗಕ್ಕೆ ಉರಿಯೂತ ಬಂದರೆ ಅದನ್ನು ಹೆಪಟೈಟಿಸ್ ಎನ್ನುತ್ತಾರೆ. ವೈರಸ್ಸುಗಳಿಂದ ಬರುವ ಹೆಪಟೈಟಿಸ್‌ನಲ್ಲಿ ಎ, ಬಿ, ಸಿ, ಡಿ, ಇ ಎಂಬ ಐದು ಬಗೆಗಳಿವೆ.

ಇವುಗಳಲ್ಲಿ ಎ ಮತ್ತು ಇ ಬಗೆಯವು ಕಲುಷಿತ ನೀರು, ಆಹಾರಗಳಿಂದ ಹರಡುತ್ತವೆ. ಮಳೆಗಾಲದಲ್ಲಿ ಊರೂರಿನಲ್ಲಿ ಕಾಣಿಸುವ ಕಾಮಾಲೆ ಬಹುಮಟ್ಟಿಗೆ ಇವುಗಳಿಂದಲೇ ಬರುವಂಥದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಬಿ ಮತ್ತು ಸಿ ಬಗೆಯವು ಹಾಗಲ್ಲ. ಅವು ರಕ್ತದ ಮೂಲಕ ಬರುತ್ತವೆ, ಆರು ತಿಂಗಳು ಕಳೆದರೂ ದೇಹವನ್ನು ಬಿಡದೆ ಉಳಿದರೆ ‘ದೀರ್ಘಕಾಲದ ಸೋಂಕು’ ಎನಿಸಿಕೊಳ್ಳುತ್ತವೆ. ಅನೇಕ ವರ್ಷ ಯಾವ ಲಕ್ಷಣವನ್ನೂ ತೋರದೆ ಇದ್ದು, ಕೆಲವರಲ್ಲಿ ಯಕೃತ್ತನ್ನು ಗಡುಸಾಗಿಸುವ ಸಿರೋಸಿಸ್‌ಗೂ ಕ್ಯಾನ್ಸರಿಗೂ ಕಾರಣವಾಗುತ್ತವೆ.

ಬಿ ವೈರಸ್ಸನ್ನು ಕಂಡುಹಿಡಿದ ಬರೂಕ್ ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅವರ ಜನ್ಮದಿನವಾದ ಜುಲೈ 28ನ್ನೇ ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸಲಾಗುತ್ತಿದೆ. ಸಿ ವೈರಸ್ಸು ಪತ್ತೆಯಾದುದು 1989ರಲ್ಲಿ. ಆ ಶೋಧಕ್ಕಾಗಿ ಮೂವರು ವಿಜ್ಞಾನಿಗಳು 2020ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 25.4 ಕೋಟಿ ಜನರಿಗೆ ಬಿ ಸೋಂಕೂ 5 ಕೋಟಿ ಜನರಿಗೆ ಸಿ ಸೋಂಕೂ ಇದ್ದವು. ಭಾರತದಲ್ಲಿ ಬಿ ಸೋಂಕುಳ್ಳವರು ಸುಮಾರು 2.98 ಕೋಟಿ, ಸಿ ಸೋಂಕುಳ್ಳವರು ಸುಮಾರು 55 ಲಕ್ಷ. ಎಂದಮೇಲೆ ಇದು ಎಲ್ಲೋ ದೂರದ ರೋಗವಲ್ಲ. ನಮ್ಮ ನಡುವೆ, ಜಾತ್ರೆಯ ಜನಸ್ತೋಮದಲ್ಲಿ, ದಾಸೋಹದ ಪಂಕ್ತಿಯಲ್ಲಿ ಇರುವವರಿಗೂ ಇರಬಹುದಾದ ರೋಗ.

ಖಿನ್ನತೆ ಎಂದರೇನು?

ದುಃಖವು ಸಂಸಾರಿಗಳೆಲ್ಲರಿಗೂ ಬರುವಂಥದು. ಬೆಳೆ ಕೈಕೊಟ್ಟಾಗ, ಆಪ್ತರು ಅಗಲಿದಾಗ ಮನಸ್ಸು ನೊಂದು, ಕಾಲ ಕಳೆದಂತೆ ಚೇತರಿಸಿಕೊಳ್ಳುತ್ತದೆ. ಖಿನ್ನತೆಯೆಂಬ ಕಾಯಿಲೆ ಬೇರೆ. ಎರಡು ವಾರಗಳಿಗೂ ಮೀರಿ, ದಿನದ ಬಹುಪಾಲು, ಬಹುತೇಕ ಪ್ರತಿದಿನವೂ ಮನಸ್ಸು ಕುಗ್ಗಿರುವುದು. ಮೊದಲು ಸಂತೋಷ ಕೊಡುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು. ಇವೆರಡು ಅದರ ಮುಖ್ಯ ಲಕ್ಷಣಗಳು. ಇವುಗಳ ಜೊತೆಗೆ ನಿದ್ರೆ ಕೆಡುವುದು, ಹಸಿವು ಕಡಿಮೆಯಾಗುವುದು ಅಥವಾ ಹೆಚ್ಚುವುದು, ದಣಿವು, ಏಕಾಗ್ರತೆಯಿಲ್ಲದಿರುವುದು, ನಡೆ-ನುಡಿ ನಿಧಾನವಾಗುವುದು, ‘ನಾನು ಯಾರಿಗೂ ಬೇಡದವನು, ಎಲ್ಲರಿಗೂ ಹೊರೆ’ ಎಂಬ ಭಾವನೆ, ಬದುಕು ಸಾಕೆನಿಸುವುದು, ಇವುಗಳಲ್ಲಿ ಹಲವು ಸೇರಿಕೊಳ್ಳುತ್ತವೆ.

ಭಕ್ತರ ಮನೆಗಳಲ್ಲಿ ಇದು ಇನ್ನೊಂದು ರೂಪದಲ್ಲಿ ಕಾಣಿಸುವುದುಂಟು. ವರ್ಷಾನುಗಟ್ಟಲೆ ತಪ್ಪದೆ ಇಷ್ಟಲಿಂಗಪೂಜೆ ಮಾಡುತ್ತಿದ್ದವರು ಪೂಜೆಗೆ ಕುಳಿತರೂ ಮನಸ್ಸು ಬರಿದಾಗಿದೆಯೆಂದು ಎದ್ದುಬಿಡುತ್ತಾರೆ. ಅಮಾವಾಸ್ಯೆಗೆ ತಪ್ಪದೆ ಮಠಕ್ಕೆ ಬರುತ್ತಿದ್ದವರು ಬರುವುದನ್ನು ನಿಲ್ಲಿಸುತ್ತಾರೆ. ಸುತ್ತಲಿನವರು ಅದನ್ನು ಅಶ್ರದ್ಧೆಯೆಂದು ಬಗೆಯುತ್ತಾರೆ. ಅವರೂ ತಮ್ಮನ್ನು ತಾವೇ ನಿಂದಿಸಿಕೊಳ್ಳುತ್ತಾರೆ. ಕಾಲು ಮುರಿದವರು ಪ್ರದಕ್ಷಿಣೆ ಹಾಕಲಿಲ್ಲವೆಂದು ನಾವು ಯಾರೂ ಆಕ್ಷೇಪಿಸುವುದಿಲ್ಲ. ಆಸಕ್ತಿಯನ್ನು ಹುಟ್ಟಿಸುವ ಶಕ್ತಿಯೇ ಕಾಯಿಲೆಯಿಂದ ಕುಂದಿದಾಗಲೂ ಅದೇ ವಿವೇಕವನ್ನು ತೋರಬೇಕಲ್ಲವೆ?

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ನಮ್ಮ ದೇಶದ ವಯಸ್ಕರಲ್ಲಿ ಇಪ್ಪತ್ತು ಮಂದಿಗೆ ಒಬ್ಬರು ಜೀವನದ ಯಾವುದಾದರೊಂದು ಘಟ್ಟದಲ್ಲಿ ಖಿನ್ನತೆಗೆ ಒಳಗಾಗಿರುತ್ತಾರೆಂದು ಕಂಡುಕೊಂಡಿತು. ಹೆಪಟೈಟಿಸ್ ಸಿ ಸೋಂಕುಳ್ಳವರ ಕುರಿತು ಜಗತ್ತಿನ ನಾನಾ ಕಡೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅವರಲ್ಲಿ ಸುಮಾರು ನಾಲ್ವರಿಗೆ ಒಬ್ಬರಲ್ಲಿ ಖಿನ್ನತೆ ಕಂಡುಬಂದಿದೆ. ಅಳತೆಯ ಕ್ರಮಗಳು ಬೇರೆ ಬೇರೆಯಾದುದರಿಂದ ಈ ಎರಡು ಸಂಖ್ಯೆಗಳನ್ನು ನೇರವಾಗಿ ತೂಗಿ ನೋಡಲಾಗದು. ಆದರೂ ಯಕೃತ್ತಿನ ಸೋಂಕುಳ್ಳವರಲ್ಲಿ ಮನಸ್ಸಿನ ತೊಂದರೆ ಹೆಚ್ಚೆಂಬುದು ಸ್ಪಷ್ಟ. ಅದಕ್ಕೆ ಮೂರು ಬೇರುಗಳಿವೆ.

ಮೊದಲ ಬೇರು: ದೇಹದೊಳಗಿನ ಕದನ

ಜ್ವರ ಬಂದಾಗ ನಮಗೆ ಏನಾಗುತ್ತದೆಂಬುದನ್ನು ನೆನೆಯಿರಿ. ಊಟ ಬೇಡ, ಮಾತು ಬೇಡ, ಕೆಲಸ ಬೇಡ. ಕಂಬಳಿ ಹೊದ್ದು ಮೂಲೆಯಲ್ಲಿ ಮಲಗಿದರೆ ಸಾಕೆನಿಸುತ್ತದೆ. ಇದು ಸೋಮಾರಿತನವಲ್ಲ. ಸೋಂಕಿನೊಡನೆ ಹೋರಾಡುವಾಗ ನಮ್ಮ ರಕ್ಷಣಾ ವ್ಯವಸ್ಥೆಯು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಅವು ಮಿದುಳಿಗೂ ಸಂದೇಶ ಕೊಟ್ಟು, ‘ಶಕ್ತಿಯನ್ನು ಉಳಿಸು, ವಿಶ್ರಾಂತಿ ತೆಗೆದುಕೋ’ ಎಂಬ ಸ್ಥಿತಿಗೆ ತರುತ್ತವೆ. ಜ್ವರ ಇಳಿದ ಮೇಲೆ ಲವಲವಿಕೆ ಮರಳುತ್ತದೆ. ದೀರ್ಘಕಾಲದ ಸೋಂಕಿನಲ್ಲಿ ಈ ಕದನವು ಸಣ್ಣ ಪ್ರಮಾಣದಲ್ಲಾದರೂ ವರ್ಷಾನುಗಟ್ಟಲೆ ನಡೆಯುತ್ತಲೇ ಇರುತ್ತದೆ. ಆದುದರಿಂದಲೇ ಹೆಪಟೈಟಿಸ್ ಸಿ ಇರುವವರಲ್ಲಿ ಯಕೃತ್ತು ಹೆಚ್ಚೇನೂ ಕೆಡದಿದ್ದರೂ ತೀವ್ರ ದಣಿವು, ಮಂಕು, ಮರೆವು ಕಾಣಿಸಿಕೊಳ್ಳಬಹುದು.

ಈ ಸತ್ಯವನ್ನು ವೈದ್ಯಲೋಕಕ್ಕೆ ಮನದಟ್ಟು ಮಾಡಿದ್ದು ಒಂದು ಔಷಧವೇ. 1957ರಲ್ಲಿ ಪತ್ತೆಯಾದ ಇಂಟರ್‌ಫೆರಾನ್ ಎಂಬುದು ದೇಹವು ತಾನೇ ತಯಾರಿಸುವ ಒಂದು ಸೈಟೊಕೈನ್. ಮುಂದೆ ಅದನ್ನು ಚುಚ್ಚುಮದ್ದಾಗಿ ಹೆಪಟೈಟಿಸ್ ಸಿ ಚಿಕಿತ್ಸೆಯಲ್ಲಿ 24ರಿಂದ 48 ವಾರಗಳವರೆಗೆ ಕೊಡತೊಡಗಿದರು. ಚಿಕಿತ್ಸೆಗೆ ಮೊದಲು ನೆಮ್ಮದಿಯಿಂದಿದ್ದವರಲ್ಲಿಯೂ ನಾಲ್ವರಿಗೆ ಅಥವಾ ಮೂವರಿಗೆ ಒಬ್ಬರು ಕೆಲವೇ ವಾರಗಳಲ್ಲಿ ಖಿನ್ನತೆಗೆ ಒಳಗಾದರು. ಚುಚ್ಚುಮದ್ದು ನಿಂತ ಮೇಲೆ ಬಹುಪಾಲು ಜನರ ಮನಸ್ಸು ಮರಳಿ ತಿಳಿಯಾಯಿತು. ಮನೆಯಲ್ಲಿ ಹೊಸ ಕಷ್ಟ ಬಂದಿರಲಿಲ್ಲ; ಅವರ ಸ್ವಭಾವ ಬದಲಾಗಿರಲಿಲ್ಲ; ಬದಲಾದುದು ರಕ್ತದಲ್ಲಿನ ಒಂದು ರಾಸಾಯನಿಕದ ಪ್ರಮಾಣ. ಖಿನ್ನತೆಯನ್ನು ಮನೋಬಲದ ಕೊರತೆಯೆಂದು ಹೇಳುವವರು ಈ ಸಂಗತಿಯನ್ನು ಚೆನ್ನಾಗಿ ಮನನ ಮಾಡಬೇಕು.

ಇಂದು ಹೆಪಟೈಟಿಸ್ ಸಿ ಚಿಕಿತ್ಸೆಯಲ್ಲಿ ಇಂಟರ್‌ಫೆರಾನ್‌ನ ಸ್ಥಾನವನ್ನು ಮಾತ್ರೆಗಳು ಪಡೆದಿವೆ. ಸೊಫೊಸ್‌ಬುವಿರ್ ಮೊದಲಾದ ಮಾತ್ರೆಗಳ ಸಂಯೋಜನೆಯನ್ನು ಸಾಮಾನ್ಯವಾಗಿ 12 ವಾರ ಸೇವಿಸಿದರೆ ನೂರರಲ್ಲಿ 95ಕ್ಕೂ ಹೆಚ್ಚು ಜನರಲ್ಲಿ ವೈರಸ್ಸು ಸಂಪೂರ್ಣ ನಿರ್ಮೂಲವಾಗುತ್ತದೆ. ಹಿಂದೆ ಖಿನ್ನತೆಯಿದ್ದವರಿಗೆ ಇಂಟರ್‌ಫೆರಾನ್ ಕೊಡಲು ವೈದ್ಯರು ಹಿಂಜರಿಯಬೇಕಾಗಿತ್ತು. ಈಗಿನ ಮಾತ್ರೆಗಳಿಗೆ ಆ ಅಡ್ಡಿಯಿಲ್ಲ. ಹಳೆಯ ಕಾಲದ ಚಿಕಿತ್ಸೆಯ ಕಷ್ಟವನ್ನು ಕೇಳಿ ಅಂಜಿ ದೂರ ಉಳಿದವರು ಯಾರಾದರೂ ಇದ್ದರೆ ಈ ಬದಲಾವಣೆಯನ್ನು ಅವರಿಗೆ ತಿಳಿಸಬೇಕು. ವೈರಸ್ಸು ಹೋದ ಮೇಲೆ ಅನೇಕರಲ್ಲಿ ದಣಿವೂ ಮನಸ್ಸಿನ ಭಾರವೂ ಕಡಿಮೆಯಾಗುತ್ತವೆ.

ಎರಡನೆಯ ಬೇರು: ತಿಳಿದ ಕ್ಷಣದ ಆಘಾತ

ನಮ್ಮಲ್ಲಿ ಈ ಸೋಂಕು ಬೆಳಕಿಗೆ ಬರುವ ಬಗೆಯೇ ವಿಚಿತ್ರವಾದುದು. ಮನುಷ್ಯನಿಗೆ ಯಾವ ತೊಂದರೆಯೂ ಇರುವುದಿಲ್ಲ. ಪುಣ್ಯಕಾರ್ಯವೆಂದು ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟಿರುತ್ತಾರೆ. ದಾನದ ರಕ್ತವನ್ನು ಬಿ ಮತ್ತು ಸಿ ಸೋಂಕುಗಳಿಗಾಗಿ ಪರೀಕ್ಷಿಸುವುದು ಕಡ್ಡಾಯವಾದುದರಿಂದ ಅಲ್ಲಿ ಗೊತ್ತಾಗುತ್ತದೆ. ಗರ್ಭಿಣಿಯಾದ ಸೊಸೆಯ ತಪಾಸಣೆಯಲ್ಲಿ ಗೊತ್ತಾಗುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ಗೊತ್ತಾಗುತ್ತದೆ. ನಿನ್ನೆಯವರೆಗೆ ಆರೋಗ್ಯವಂತನೆಂದು ತಿಳಿದಿದ್ದವನು ಇಂದು ‘ಪಾಸಿಟಿವ್’ ಎಂಬ ಒಂದು ಪದದಿಂದ ರೋಗಿಯಾಗಿಬಿಡುತ್ತಾನೆ. ‘ಇನ್ನೆಷ್ಟು ದಿನ ಬದುಕುತ್ತೇನೆ? ಮಗಳ ಮದುವೆ ಮಾಡುವುದು ಹೇಗೆ? ಹೆಂಡತಿ-ಮಕ್ಕಳಿಗೆ ನನ್ನಿಂದ ತಗಲಿತೆ?’ ಎಂಬ ಪ್ರಶ್ನೆಗಳು ರಾತ್ರಿಯೆಲ್ಲ ಕಾಡುತ್ತವೆ.

ಇಲ್ಲಿ ಸರಿಯಾದ ತಿಳಿವಳಿಕೆಯೇ ಮೊದಲ ಔಷಧ. ಹೆಪಟೈಟಿಸ್ ಬಿ ಇರುವವರೆಲ್ಲರಿಗೂ ಸಿರೋಸಿಸ್ ಬರುವುದಿಲ್ಲ. ಅನೇಕರಿಗೆ ನಿಯತಕಾಲಿಕ ತಪಾಸಣೆಯೇ ಸಾಕಾಗುತ್ತದೆ. ಚಿಕಿತ್ಸೆ ಅಗತ್ಯವಾದವರಿಗೆ ಟೆನೊಫೊವಿರ್, ಎಂಟೆಕವಿರ್ ಎಂಬ ಮಾತ್ರೆಗಳಿವೆ. ಇವು ವೈರಸ್ಸನ್ನು ಸಾಮಾನ್ಯವಾಗಿ ಬುಡಸಮೇತ ಕೀಳುವುದಿಲ್ಲ. ಆದರೆ ಅದನ್ನು ಹತ್ತಿಕ್ಕಿ ಯಕೃತ್ತನ್ನು ಕಾಪಾಡುತ್ತವೆ. ಸಕ್ಕರೆ ಕಾಯಿಲೆಯವರು ಮಾತ್ರೆ ತೆಗೆದುಕೊಂಡು ಹೊಲ-ಮನೆ ನೋಡಿಕೊಂಡು ಬದುಕುವಂತೆ ಇವರೂ ತುಂಬು ಬಾಳನ್ನು ಬಾಳಬಹುದು.

ಮೂರನೆಯ ಬೇರು: ತಟ್ಟೆ-ಲೋಟ ಬೇರೆಯಾದಾಗ

ಮೊದಲೆರಡು ಬೇರುಗಳಿಗಿಂತ ಇದು ಆಳವಾದುದು, ಮತ್ತು ಇದನ್ನು ಕೀಳುವುದು ನಮ್ಮ ಕೈಯಲ್ಲಿಯೇ ಇದೆ. ಸೋಂಕಿನ ಸುದ್ದಿ ತಿಳಿದ ಮನೆಯಲ್ಲಿ ಮಾರನೆಯ ದಿನವೇ ಒಂದು ತಟ್ಟೆ, ಒಂದು ಲೋಟ ಬೇರೆಯಾಗುತ್ತವೆ. ಮೊಮ್ಮಗುವನ್ನು ಅಜ್ಜನ ತೊಡೆಯಿಂದ ಮೆಲ್ಲನೆ ಎತ್ತಿಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಅತ್ತೆ ಸೊಸೆಯ ಕೈಯಿಂದ ಸೌಟನ್ನು ತೆಗೆದುಕೊಳ್ಳುತ್ತಾಳೆ. ಯಾರೂ ಕಟುವಾಗಿ ಮಾತನಾಡಿರುವುದಿಲ್ಲ. ಆದರೆ ಆ ಮೌನವೇ ಮಾತಿಗಿಂತ ಹೆಚ್ಚು ಇರಿಯುತ್ತದೆ. ಮನೆಯೊಳಗಿದ್ದೂ ಹೊರಗಿನವರಾದ ಭಾವನೆ ದಿನಕ್ಕೆ ಮೂರು ಹೊತ್ತು, ಊಟದ ವೇಳೆಗೆ ತಪ್ಪದೆ ಮರುಕಳಿಸುತ್ತದೆ.

ಈ ಎಚ್ಚರಿಕೆಗೆ ವಿಜ್ಞಾನದ ಆಧಾರವಿಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳು ಜೊತೆಯಲ್ಲಿ ಉಣ್ಣುವುದರಿಂದ, ಅದೇ ತಟ್ಟೆ-ಲೋಟ ಬಳಸುವುದರಿಂದ, ಕೈಕುಲುಕುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮು-ಸೀನುಗಳಿಂದ, ಒಂದೇ ಶೌಚಾಲಯ ಬಳಸುವುದರಿಂದ ಹರಡುವುದಿಲ್ಲ. ಸೋಂಕುಳ್ಳವರು ಅಡುಗೆ ಮಾಡಬಹುದು, ಬಡಿಸಬಹುದು. ಕೈಗೆ ಗಾಯವಾಗಿದ್ದರೆ ಯಾರೇ ಆದರೂ ಪಟ್ಟಿ ಕಟ್ಟಿಕೊಳ್ಳಬೇಕಾದಂತೆ ಅವರೂ ಕಟ್ಟಿಕೊಂಡರೆ ಸಾಕು. ದಾಸೋಹದ ಪಂಕ್ತಿಯಲ್ಲಿ ಅವರೊಡನೆ ಕುಳಿತು ಪ್ರಸಾದ ಸ್ವೀಕರಿಸಲು, ದಾಸೋಹದ ಅಡುಗೆಯಲ್ಲಿ ಅವರ ಸೇವೆಯನ್ನು ಪಡೆಯಲು ಯಾವ ಅಂಜಿಕೆಯೂ ಬೇಕಿಲ್ಲ. ನೀರಿನಿಂದ ಹರಡುವ ಎ ಮತ್ತು ಇ ಬಗೆಯ ಕಾಮಾಲೆಯ ನಿಯಮಗಳನ್ನು ಬಿ, ಸಿ ಸೋಂಕುಗಳಿಗೆ ಅನ್ವಯಿಸಿದ್ದರಿಂದಲೇ ಈ ತಪ್ಪು ತಿಳಿವಳಿಕೆ ಬೇರೂರಿದೆ.

ಹಾಗಾದರೆ ಯಾವುದರಿಂದ ಎಚ್ಚರವಾಗಿರಬೇಕು? ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿಸುವ ಸಾಧನಗಳನ್ನು ಹಂಚಿಕೊಳ್ಳಬಾರದು. ಒಬ್ಬರಿಗೆ ಬಳಸಿದ ಸಿರಿಂಜನ್ನು ಇನ್ನೊಬ್ಬರಿಗೆ ಬಳಸಬಾರದು. ಜಾತ್ರೆಗಳಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಹಚ್ಚೆ ಹಾಕುವ, ಕಿವಿ-ಮೂಗು ಚುಚ್ಚುವ ಕಡೆಗೆ ಹೋಗಬಾರದು. ದಾಂಪತ್ಯ ಸಂಬಂಧದಿಂದ ಬಿ ಸೋಂಕು ಹರಡಬಹುದಾದುದರಿಂದ ಪತಿ ಅಥವಾ ಪತ್ನಿಯು ಪರೀಕ್ಷೆ ಮಾಡಿಸಿಕೊಂಡು ಲಸಿಕೆ ಪಡೆಯಬೇಕು. ಮನೆಯ ಇತರರೂ ಪಡೆಯುವುದು ಒಳಿತು. ಸಿ ಸೋಂಕಿಗೆ ಲಸಿಕೆಯಿಲ್ಲ, ಆದರೆ ಗುಣಪಡಿಸುವ ಮಾತ್ರೆಗಳಿವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಗರ್ಭಿಣಿಯಲ್ಲಿ ಬಿ ಸೋಂಕು ಪತ್ತೆಯಾದಾಗ ಕೆಲವರು ಅವಳ ನಡತೆಯನ್ನೇ ಶಂಕಿಸುತ್ತಾರೆ. ವಾಸ್ತವವೇನೆಂದರೆ, ವಯಸ್ಕರಾದ ಮೇಲೆ ಬಿ ವೈರಸ್ಸು ತಗಲಿದರೆ ನೂರರಲ್ಲಿ 95 ಮಂದಿಯ ದೇಹವೇ ಅದನ್ನು ಹೊರಹಾಕುತ್ತದೆ. ಹುಟ್ಟುವಾಗ ತಾಯಿಯಿಂದ ತಗಲಿದರೆ ನೂರರಲ್ಲಿ ಸುಮಾರು 90 ಶಿಶುಗಳಲ್ಲಿ ಅದು ಬೇರೂರುತ್ತದೆ. ಆದುದರಿಂದ ದೀರ್ಘ ಸೋಂಕುಳ್ಳ ಅನೇಕರಿಗೆ ಅದು ಬಂದಿರುವುದು ಮಾತೂ ಬಾರದ ಎಳೆಯ ಪ್ರಾಯದಲ್ಲಿ. ಅದಕ್ಕೆ ಅವರನ್ನಾಗಲಿ, ಅವರ ತಾಯಿಯನ್ನಾಗಲಿ ದೂಷಿಸುವುದು ಅನ್ಯಾಯ. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಿಸಿ, ಮುಂದಿನ ಲಸಿಕೆಗಳನ್ನು 6, 10, 14ನೆಯ ವಾರಗಳಲ್ಲಿ ತಪ್ಪದೆ ಹಾಕಿಸಿದರೆ ಬಹುಪಾಲು ಮಕ್ಕಳು ಸೋಂಕಿನಿಂದ ಪಾರಾಗುತ್ತಾರೆ. ತಾಯಿ ಎದೆಹಾಲನ್ನೂ ಉಣಿಸಬಹುದು. ಬಾಣಂತನದಲ್ಲಿ ಹೇಗೂ ಸೂಕ್ಷ್ಮವಾಗಿರುವ ಮನಸ್ಸಿಗೆ ಅನುಮಾನದ ಮಾತು ಸೇರಿದರೆ ಆ ತಾಯಿ ಖಿನ್ನತೆಗೆ ಬೀಳುವುದರಲ್ಲಿ ಆಶ್ಚರ್ಯವೇನಿದೆ?

ಖಿನ್ನತೆಯೋ, ಯಕೃತ್ತಿನಿಂದ ಬಂದ ಮಂಕೋ?

ಸಿರೋಸಿಸ್ ಹಂತ ತಲುಪಿದವರ ಮನೆಯವರು ಒಂದು ಭೇದವನ್ನು ಅರಿತಿರಬೇಕು. ಯಕೃತ್ತು ಸೋತಾಗ ಅಮೋನಿಯಾ ಮೊದಲಾದ ವಿಷಾಂಶಗಳು ರಕ್ತದಲ್ಲಿ ಉಳಿದು ಮಿದುಳನ್ನು ಮಂಕಾಗಿಸುತ್ತವೆ. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ, ಚಿಲ್ಲರೆ ಎಣಿಸುವಾಗ ತಪ್ಪುವುದು, ಕೈಬರಹ ಕೆಡುವುದು, ಅಸಂಬದ್ಧ ಮಾತು, ಕೈ ಚಾಚಿದರೆ ಬೆರಳುಗಳು ಹಕ್ಕಿಯ ರೆಕ್ಕೆಯಂತೆ ಬಡಿಯುವುದು, ಇವು ಅದರ ಗುರುತುಗಳು. ಮೇಲ್ನೋಟಕ್ಕೆ ಇದು ಖಿನ್ನತೆಯಂತೆ ತೋರಬಹುದು. ಆದರೆ ಇದು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕಾದ ಸ್ಥಿತಿ. ಮಲಬದ್ಧತೆ, ಸೋಂಕು, ಹೊಟ್ಟೆಯೊಳಗಿನ ರಕ್ತಸ್ರಾವ, ನಿದ್ರೆಮಾತ್ರೆ ಇದನ್ನು ಪ್ರಚೋದಿಸುತ್ತವೆ. ಮಲ ಸರಾಗವಾಗಿ ಹೋಗಲೆಂದು ಕೊಡುವ ಲ್ಯಾಕ್ಟುಲೋಸ್ ಸಿರಪ್ಪು ಇದರ ಮುಖ್ಯ ಔಷಧಗಳಲ್ಲೊಂದು. ನಿದ್ರೆ ಬರುವುದಿಲ್ಲವೆಂದು ಸಿರೋಸಿಸ್ ಇರುವವರಿಗೆ ಅಂಗಡಿಯಿಂದ ನಿದ್ರೆಮಾತ್ರೆ ತಂದು ಕೊಡುವುದು ಅಪಾಯಕರ.

ಖಿನ್ನತೆಯನ್ನು ಕಡೆಗಣಿಸಿದರೆ

‘ಮನಸ್ಸಿನ ಮಾತು ಆಮೇಲೆ, ಮೊದಲು ಲಿವರ್ ಸರಿಯಾಗಲಿ’ ಎನ್ನುವವರುಂಟು. ಆದರೆ ಮನಸ್ಸು ಕುಸಿದರೆ ಯಕೃತ್ತಿನ ಚಿಕಿತ್ಸೆಯೂ ಕುಸಿಯುತ್ತದೆ. ‘ಯಾವುದಕ್ಕಾಗಿ ಬದುಕಬೇಕು’ ಎಂದುಕೊಂಡವರು ಮಾತ್ರೆಯನ್ನು ಬಿಡುತ್ತಾರೆ. ಹೆಪಟೈಟಿಸ್ ಬಿ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಹತ್ತಿಕ್ಕಿದ್ದ ವೈರಸ್ಸು ಮರಳಿ ಎದ್ದು ಯಕೃತ್ತಿಗೆ ತೀವ್ರ ಹಾನಿ ಮಾಡಬಹುದು; ಪ್ರಾಣಕ್ಕೇ ಸಂಚಕಾರ ಬರಬಹುದು. ಕೆಲವರು ಬೇಸರ ಮರೆಯಲು ಮದ್ಯಕ್ಕೆ ಕೈಹಾಕುತ್ತಾರೆ. ಮದ್ಯವು ಯಕೃತ್ತನ್ನೂ ಸುಡುತ್ತದೆ, ಖಿನ್ನತೆಯನ್ನೂ ಬೆಳೆಸುತ್ತದೆ. ಈ ಸೋಂಕುಳ್ಳವರಿಗೆ ಅದು ಸಂಪೂರ್ಣ ವರ್ಜ್ಯ.

ಇನ್ನು ಕೆಲವರು ಹತಾಶೆಯಿಂದ ಊರೂರು ಅಲೆದು ಹೆಸರಿಲ್ಲದ ಪುಡಿ, ಕಷಾಯಗಳನ್ನು ಸೇವಿಸುತ್ತಾರೆ. ನೆಲನೆಲ್ಲಿಯ ಬಗೆಗೆ 1988ರಲ್ಲಿ ಚೆನ್ನೈನ ಸಂಶೋಧಕರು ಆಶಾದಾಯಕ ಫಲಿತಾಂಶವನ್ನು ಪ್ರಕಟಿಸಿದ್ದುಂಟು. ಆದರೆ ಮುಂದಿನ ಪ್ರಯೋಗಗಳಲ್ಲಿ ಆ ಫಲ ದೃಢಪಡಲಿಲ್ಲ. ಅಮೃತಬಳ್ಳಿಯನ್ನು ತಾವಾಗಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ್ದಾರೆ. ಯಾವ ಪದ್ಧತಿಯ ಔಷಧವೇ ಆಗಲಿ, ಯಕೃತ್ತಿನ ವೈದ್ಯರಿಗೆ ತಿಳಿಸದೆ ಸೇವಿಸಬಾರದೆಂಬುದು ನಮ್ಮ ವಿನಂತಿ.

ಚಿಕಿತ್ಸೆಯ ದಾರಿ

ಮೊದಲ ಹೆಜ್ಜೆ ಕೇಳುವುದು. ‘ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದಂತೆ, ಭರವಸೆಯೇ ಇಲ್ಲದಂತೆ ಅನಿಸಿದೆಯೆ? ಮಾಡುವ ಕೆಲಸಗಳಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿದೆಯೆ?’ ಈ ಎರಡು ಪ್ರಶ್ನೆಗಳನ್ನು ವೈದ್ಯರೂ ಬಳಸುತ್ತಾರೆ, ಮನೆಯವರೂ ಕೇಳಬಹುದು. ಎರಡರಲ್ಲಿ ಒಂದಕ್ಕಾದರೂ ‘ಹೌದು, ಬಹಳ ದಿನ ಹಾಗಿತ್ತು’ ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣಬೇಕು. ದಣಿವಿಗೆ ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಕಾರಣವಾಗಿರಬಹುದಾದುದರಿಂದ ಅವರು ಅವನ್ನೂ ಪರೀಕ್ಷಿಸುತ್ತಾರೆ.

ಖಿನ್ನತೆ ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಅದು ಬರಿಯ ಸಮಾಧಾನದ ಮಾತಲ್ಲ; ತರಬೇತಿ ಪಡೆದವರು ಮನಸ್ಸಿನ ವಿಕೃತ ತೀರ್ಮಾನಗಳನ್ನು ಗುರುತಿಸಿ ತಿದ್ದಿಕೊಳ್ಳಲು ಕಲಿಸುವ ಕ್ರಮಬದ್ಧ ಚಿಕಿತ್ಸೆ. ತೀವ್ರವಾಗಿದ್ದರೆ ಮಾತ್ರೆಗಳು ಬೇಕಾಗುತ್ತವೆ. ಯಕೃತ್ತಿನ ತೊಂದರೆಯಿರುವವರಿಗೂ ಕೊಡಬಹುದಾದ ಖಿನ್ನತೆಯ ಮಾತ್ರೆಗಳಿವೆ, ಕೊಡಬಾರದವೂ ಇವೆ. ಸಿರೋಸಿಸ್ ಇದ್ದರೆ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ಆದುದರಿಂದ ಮನೋವೈದ್ಯರಿಗೆ ಯಕೃತ್ತಿನ ಕಡತವನ್ನೂ, ಯಕೃತ್ತಿನ ವೈದ್ಯರಿಗೆ ಮನೋವೈದ್ಯರ ಚೀಟಿಯನ್ನೂ ತೋರಿಸಬೇಕು. ಈ ಮಾತ್ರೆಗಳು ಫಲಕೊಡಲು ಕೆಲವು ವಾರಗಳು ಬೇಕು. ನಾಲ್ಕು ದಿನ ನೋಡಿ ‘ಗುಣ ಕಾಣಲಿಲ್ಲ’ ಎಂದು ಬಿಡುವುದಾಗಲಿ, ಗುಣ ಕಂಡೊಡನೆ ತಾವಾಗಿ ನಿಲ್ಲಿಸುವುದಾಗಲಿ ಸಲ್ಲದು.

ನಿತ್ಯದ ಬದುಕಿನಲ್ಲಿಯೂ ಕೆಲವು ಸಂಗತಿಗಳು ನೆರವಾಗುತ್ತವೆ. ದಿನವೂ ಶಕ್ತ್ಯಾನುಸಾರ ನಡಿಗೆ, ಮಲಗುವ, ಏಳುವ ವೇಳೆಯಲ್ಲಿ ಕ್ರಮ, ಕೈಲಾದಷ್ಟು ಕಾಯಕ. ಕಾಯಕ ತಪ್ಪಿದಾಗ ಮನಸ್ಸು ತನ್ನನ್ನೇ ಮೆಲ್ಲತೊಡಗುತ್ತದೆ. ಆದುದರಿಂದ ‘ನೀವು ಸುಮ್ಮನೆ ಕುಳಿತಿರಿ’ ಎಂದು ಎಲ್ಲ ಕೆಲಸವನ್ನೂ ಕಸಿದುಕೊಳ್ಳುವುದು ಉಪಕಾರವಲ್ಲ. ಧ್ಯಾನ, ಪ್ರಾರ್ಥನೆಗಳು ಅನೇಕರಿಗೆ ನೆಮ್ಮದಿ ಕೊಡುತ್ತವೆ. ಆದರೆ ಅವು ಚಿಕಿತ್ಸೆಯ ಜೊತೆಗಿರಬೇಕೇ ಹೊರತು ಚಿಕಿತ್ಸೆಗೆ ಬದಲಾಗಿ ಅಲ್ಲ. ಇನ್ನು ಉಪವಾಸದ ವಿಚಾರ: ಸಿರೋಸಿಸ್ ಇರುವವರ ಸ್ನಾಯುಗಳು ದೀರ್ಘ ಉಪವಾಸದಿಂದ ಬೇಗ ಕರಗುತ್ತವೆ. ಶ್ರಾವಣ ಸೋಮವಾರದ ಉಪವಾಸವನ್ನು ಅವರು ಬಿಡುವುದು ಲೇಸು. ರಾತ್ರಿ ಮಲಗುವ ಮೊದಲೂ ಅಲ್ಪ ಆಹಾರ ಸೇವಿಸುವುದು ಹಿತ.

ನೆರವು ಎಲ್ಲಿದೆ?

ಕೇಂದ್ರ ಸರ್ಕಾರವು 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದರಡಿ ಗೊತ್ತುಪಡಿಸಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿ ಮತ್ತು ಸಿ ಸೋಂಕುಗಳ ಪರೀಕ್ಷೆಯೂ ಔಷಧವೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿದರೆ ವಿವರ ದೊರೆಯುತ್ತದೆ.

ಮಾನಸಿಕ ಆರೋಗ್ಯದ ಸೇವೆಯನ್ನು ಹಳ್ಳಿಗಳಿಗೆ ಒಯ್ಯುವುದರಲ್ಲಿ ಕರ್ನಾಟಕವು ದೇಶಕ್ಕೆ ಮಾದರಿಯಾದ ನಾಡು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಸಿಬ್ಬಂದಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. 2022ರ ಅಕ್ಟೋಬರ್ 10ರಿಂದ ‘ಟೆಲಿ ಮಾನಸ್’ ದೂರವಾಣಿ ಸೇವೆ ನಡೆಯುತ್ತಿದೆ. 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಯಾರಾದರೂ ‘ಸಾಯಬೇಕೆನಿಸುತ್ತದೆ’ ಎಂದರೆ ಅದನ್ನು ಬಾಯಿಮಾತೆಂದು ತಳ್ಳಿಹಾಕಬಾರದು. ಹಾಗೆ ಅನಿಸುತ್ತಿದೆಯೆ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಬದಲಾಗಿ ಹೇಳಿಕೊಳ್ಳಲು ದಾರಿ ತೆರೆಯುತ್ತದೆ. ಅಂಥವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕಗಳನ್ನೂ ಹೆಚ್ಚಿನ ಮಾತ್ರೆಗಳನ್ನೂ ಕೈಗೆಟುಕದಂತೆ ಇಟ್ಟು, ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು ಇಲ್ಲವೆ 14416ಕ್ಕೆ ಕರೆಮಾಡಬೇಕು.

ಮನೆಯವರಲ್ಲಿ ಒಂದು ಬಿನ್ನಹ

ಸೋಂಕುಳ್ಳವರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ನೆಂಟರಿಷ್ಟರಲ್ಲಿ ಹರಡಬೇಡಿ. ಪತಿ-ಪತ್ನಿ, ಚಿಕಿತ್ಸೆ ನೀಡುವ ವೈದ್ಯರು, ಹಲ್ಲಿನ ವೈದ್ಯರು ತಿಳಿದಿರಬೇಕು. ಉಳಿದವರಿಗೆ ಹೇಳುವುದು ಬಿಡುವುದು ಅವರ ಇಚ್ಛೆ. ತಪಾಸಣೆಗೆ ಹೋಗುವಾಗ ಒಬ್ಬರಾದರೂ ಜೊತೆಗೆ ಹೋಗಿರಿ. ಹಿತವಚನ ಹೇಳುವುದಕ್ಕಿಂತ ಅವರ ಮಾತನ್ನು ಕೊನೆಯವರೆಗೆ ಕೇಳಿರಿ. ಬೇರೆಯಿಟ್ಟ ತಟ್ಟೆಯೊಂದು ಮನೆಯಲ್ಲಿದ್ದರೆ ಇಂದೇ ಅದನ್ನು ಉಳಿದ ತಟ್ಟೆಗಳೊಡನೆ ಸೇರಿಸಿ, ಅವರ ಪಕ್ಕದಲ್ಲಿ ಕುಳಿತು ಉಣ್ಣಿರಿ.

ಈ ಸೋಂಕುಳ್ಳ ಸದ್ಭಕ್ತರಿಗೆ ನಾವು ಹೇಳುವುದಿಷ್ಟು: ಮನಸ್ಸು ಕುಗ್ಗಿದೆಯೆಂದು ವೈದ್ಯರಲ್ಲಿ ಹೇಳಿಕೊಳ್ಳಲು ನಾಚಬೇಡಿ. ಮುಂದಿನ ತಪಾಸಣೆಯ ದಿನ ರಕ್ತಪರೀಕ್ಷೆಯ ವರದಿಯ ಜೊತೆಗೆ ಮನಸ್ಸಿನ ವರದಿಯನ್ನೂ ನಿಮ್ಮ ಬಾಯಿಂದಲೇ ಒಪ್ಪಿಸಿರಿ. ಎಲ್ಲರಿಗೂ ಆರೋಗ್ಯಭಾಗ್ಯ ಲಭಿಸಲಿ.